ಮೆಸೇಜ್ ಕಳಿಸಿ ಕೇಳಿದ ಮೇಲೆ, ಉತ್ತರ ಓದಲು ಒಬ್ಬರು ಇರಬೇಕು

ಅಮೆರಿಕದ ಸಂಶೋಧಕ ಆರ್ಥರ್ ಸ್ಟೋನ್ ಮತ್ತು ಅವರ ಸಂಗಡಿಗರು ಮಾಡಿದ ಒಂದು ಪರೀಕ್ಷೆಯ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. 2002ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಬಹಳ ದಿನದಿಂದ ನೋವು ಅನುಭವಿಸುತ್ತಿದ್ದವರಿಗೆ ಕಾಗದದ ಡೈರಿ ಕೊಟ್ಟರು. ದಿನಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ, ನೋವು ಎಷ್ಟಿದೆ ಅಂತ ಬರೆಯಬೇಕು. ಡೈರಿ ಇಟ್ಟಿದ್ದ ಫೈಲಿನಲ್ಲಿ ಬೆಳಕು ಗುರುತಿಸುವ ಒಂದು ಸಣ್ಣ ಸಾಧನ ಅಡಗಿತ್ತು. ಫೈಲು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಅನ್ನುವುದು ಅದರಲ್ಲಿ ದಾಖಲಾಗುತ್ತಿತ್ತು.

ಡೈರಿ ನೋಡಿದರೆ ನೂರರಲ್ಲಿ 90 ಸಲ ಸರಿಯಾದ ಹೊತ್ತಿಗೇ ಬರೆದಂತೆ ಕಾಣುತ್ತಿತ್ತು. ಫೈಲು ನಿಜವಾಗಿ ಆ ಹೊತ್ತಿಗೆ ತೆರೆದದ್ದು 11 ಸಲ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಆಮೇಲೆ ಕೂತು ತುಂಬಿಸಿದ್ದು. ಕೆಲವು ಸಲ ಮುಂದಿನ ದಿನಗಳದ್ದನ್ನೂ ಮೊದಲೇ ಬರೆದಿಟ್ಟಿದ್ದರು!

ಇದಕ್ಕೆ ರೋಗಿಗಳನ್ನು ಬೈಯಬೇಡಿ. ನೋವಿನಲ್ಲಿರುವವರಿಗೆ ಮನೆಗೆಲಸ, ಮಕ್ಕಳು, ಆಫೀಸು ಎಲ್ಲ ಇರುತ್ತದೆ. ಡೈರಿ ಮರೆತುಹೋಗುತ್ತದೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನೆನಪಾಗಿ, ಡಾಕ್ಟರಿಗೆ ಬೇಜಾರಾಗಬಾರದು ಅಂತ ಅಂದಾಜಿನ ಮೇಲೆ ತುಂಬಿಸುತ್ತಾರೆ. ಆದರೆ ಆ ಅಂದಾಜಿನ ಮೇಲೆ ಒಂದು ಔಷಧ ಕೆಲಸ ಮಾಡುತ್ತದೋ ಇಲ್ಲವೋ ಅಂತ ತೀರ್ಮಾನವಾಗುತ್ತದೆ. ನಾನು ಆರೋಗ್ಯ ಸಮೀಕ್ಷೆಗಳಲ್ಲಿ ಬಂದ ಉತ್ತರಗಳನ್ನು ಪರಿಶೀಲಿಸುವ ಕೆಲಸ ಮಾಡುವವಳು. ಎಲ್ಲ ಸಾಲುಗಳೂ ಒಂದೇ ಇಂಕಿನಲ್ಲಿ, ಒಂದೇ ಓಟದಲ್ಲಿ ಬರೆದ ಹಾಳೆ ಕೈಗೆ ಬಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊಬೈಲ್ ಮೆಸೇಜ್ ಮೂಲಕ ಕೇಳುವ ಪದ್ಧತಿಯನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ. ಉತ್ತರ ಬಂದ ಗಳಿಗೆ ಅದರ ಜೊತೆಗೇ ದಾಖಲಾಗುತ್ತದೆ. ನೆನ್ನೆಯದನ್ನು ಇವತ್ತು ತುಂಬಿಸಿದರೆ ಗೊತ್ತಾಗುತ್ತದೆ. ಸ್ವೀಡನ್ನಿನಲ್ಲಿ ಬೆನ್ನುನೋವಿನ ಬಗ್ಗೆ ನಡೆದ ಅಧ್ಯಯನಗಳಲ್ಲಿ ವಾರಕ್ಕೊಂದು ಮೆಸೇಜ್ ಕಳಿಸಿದರು. ಕಳೆದ ವಾರ ಎಷ್ಟು ದಿನ ಬೆನ್ನು ತೊಂದರೆ ಕೊಟ್ಟಿತು? ಉತ್ತರ 0ಯಿಂದ 7ರೊಳಗಿನ ಒಂದು ಅಂಕಿ, ಅಷ್ಟೇ. ಜನ ತಿಂಗಳುಗಟ್ಟಲೆ ಉತ್ತರಿಸಿದರು. ವರ್ಷಕ್ಕೊಮ್ಮೆ ಕರೆಸಿ ಕೇಳಿದ್ದರೆ ಕಾಣದೇ ಹೋಗುತ್ತಿದ್ದ ಏರಿಳಿತ, ಅಂದರೆ ನೋವು ಬಂದು ಹೋಗಿ ಮತ್ತೆ ಬರುವ ರೀತಿ, ವಾರವಾರವೂ ಕಂಡಿತು.

ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಪ್ರಯೋಗ ಇನ್ನೂ ದೊಡ್ಡದು. ಎಚ್‌ಐವಿಗೆ ಚಿಕಿತ್ಸೆ ಶುರು ಮಾಡಿದ 538 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರತಿ ವಾರ ಸ್ವಾಹಿಲಿಯಲ್ಲಿ ಒಂದೇ ಪದದ ಮೆಸೇಜ್: 'ಮಾಂಬೋ?' ಹೇಗಿದ್ದೀರಿ ಅಂತ. 48 ಗಂಟೆಯೊಳಗೆ ಉತ್ತರಿಸಬೇಕು: 'ಸಾವಾ' ಅಂದರೆ ಚೆನ್ನಾಗಿದ್ದೇನೆ, 'ಶೀದಾ' ಅಂದರೆ ತೊಂದರೆ ಇದೆ. ಅದರಲ್ಲಿ ರೋಗದ ಹೆಸರಿಲ್ಲ, ಮಾತ್ರೆಯ ಮಾತಿಲ್ಲ. ಪಕ್ಕದಲ್ಲಿ ಕೂತವರು ನೋಡಿದರೂ ಏನೂ ತಿಳಿಯುವುದಿಲ್ಲ. ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡವರು ಮೆಸೇಜ್ ಗುಂಪಿನಲ್ಲಿ ಶೇ. 62, ಇನ್ನೊಂದರಲ್ಲಿ ಶೇ. 50. ಇದು ಅವರೇ ಹೇಳಿದ ಲೆಕ್ಕ. ರಕ್ತ ಪರೀಕ್ಷೆಯಲ್ಲಿ ವೈರಸ್ ಹತೋಟಿಗೆ ಬಂದವರ ಲೆಕ್ಕ ನೋಡಿದರೂ ಶೇ. 57 ಮತ್ತು ಶೇ. 48. ಒಂದು ಪದದ ಮೆಸೇಜಿಗೆ ಇಷ್ಟು ಫಲ ಸಿಕ್ಕಿದೆ ಅಂದರೆ ಸುಮ್ನೆ ತಳ್ಳಿಹಾಕುವ ವಿಷಯವಲ್ಲ, ಅಲ್ವಾ?

ಆದರೆ ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಭಾಗ ಬಿಟ್ಟುಬಿಡುತ್ತಾರೆ. 'ಶೀದಾ' ಅಂತ ಕಳಿಸಿದವರಿಗೆ ಕ್ಲಿನಿಕ್ಕಿನಿಂದ ಫೋನ್ ಹೋಗುತ್ತಿತ್ತು. ಎರಡು ದಿನ ಉತ್ತರವೇ ಕೊಡದವರಿಗೂ ಹೋಗುತ್ತಿತ್ತು. ನನಗೆ ಇದೇ ಆ ಪ್ರಯೋಗದ ಜೀವ. ಉತ್ತರ ಬರದಿದ್ದದ್ದನ್ನೂ ಅವರು ಒಂದು ಸುದ್ದಿ ಅಂತಲೇ ತಿಳಿದರು. ನಮ್ಮ ಕಡೆ ಉತ್ತರ ಬರದಿದ್ದರೆ ಕಂಪ್ಯೂಟರಿನಲ್ಲಿ ಖಾಲಿ ಜಾಗ ಬಿಟ್ಟು ಮುಂದೆ ಹೋಗುತ್ತೇವೆ. ಯೋಚಿಸಿ ನೋಡಿ, ಜ್ವರ ಜಾಸ್ತಿಯಾಗಿ ಮಲಗಿರುವವರು, ಆಸ್ಪತ್ರೆ ಸೇರಿದವರು, ಸಾಲ ಮಾಡಿಕೊಂಡು ಫೋನ್ ಮಾರಿದವರು, ಇವರೇ ಉತ್ತರ ಕೊಡದೇ ಇರುವವರು. ಖಾಲಿ ಜಾಗ ಬಿಟ್ಟರೆ ಆರೋಗ್ಯವಾಗಿರುವವರ ಲೆಕ್ಕ ಮಾತ್ರ ಉಳಿಯುತ್ತದೆ. ಆ ಲೆಕ್ಕ ನೋಡಿ ಔಷಧ ಚೆನ್ನಾಗಿದೆ ಅಂತ ಬರೆದರೆ ಅದು ತಪ್ಪು.

ನಮ್ಮಲ್ಲಿಯೂ ಇಂಥ ಪ್ರಯೋಗ ಆಗಿದೆ. ಆಗ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಅನಿತಾ ಶೇಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ 631 ಎಚ್‌ಐವಿ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಬಿಎಂಜೆಯಲ್ಲಿ ಬಂತು. ಒಂದು ಗುಂಪಿಗೆ ವಾರಕ್ಕೊಮ್ಮೆ ಯಂತ್ರದ ಧ್ವನಿಯ ಕರೆ, ಜೊತೆಗೆ ಒಂದು ಚಿತ್ರದ ಮೆಸೇಜ್; ಇನ್ನೊಂದು ಗುಂಪಿಗೆ ಅದಿಲ್ಲ. ಓದಲು ಬಾರದವರನ್ನೂ ನೆನಪಿಟ್ಟುಕೊಂಡು ಮಾಡಿದ ಯೋಜನೆ. ಎರಡು ವರ್ಷ ನೋಡಿದರು. ಚಿಕಿತ್ಸೆ ವಿಫಲವಾಗುವುದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಸಿಗಲಿಲ್ಲ ಅಂತ ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ನನಗೆ ಅವರ ಮೇಲೆ ತುಂಬ ಗೌರವ. ಎರಡು ದೇಶ, ಎರಡು ರೀತಿಯ ಕ್ಲಿನಿಕ್. ಕಾರಣ ಒಂದೇ ಇರಲಾರದು. ಆದರೂ ಯಂತ್ರ ಮಾತಾಡುವುದಕ್ಕೂ ನರ್ಸ್ ಮಾತಾಡುವುದಕ್ಕೂ ಇರುವ ಅಂತರ ಅದರಲ್ಲಿ ಸೇರಿದೆ ಅಂತಲೇ ನನ್ನ ನಂಬಿಕೆ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ. 54. ಅವರಲ್ಲಿ ಮೆಸೇಜ್ ಓದಬಲ್ಲವರು ಶೇ. 71. ಗುಣಿಸಿ ನೋಡಿದರೆ ನೂರು ಮಹಿಳೆಯರಲ್ಲಿ ಸುಮಾರು 38 ಜನ. ಗರ್ಭಿಣಿಯರ ಬಗ್ಗೆ, ಬಾಣಂತಿಯರ ಬಗ್ಗೆ ಮೆಸೇಜ್ ಮೂಲಕ ಅಧ್ಯಯನ ಮಾಡುತ್ತೇವೆ ಅನ್ನುವವರು ಮೊದಲು ಆ 62 ಜನರನ್ನು ಏನು ಮಾಡುತ್ತೀರಿ ಅಂತ ಹೇಳಬೇಕು. ಸಮೀಕ್ಷೆ ನಡೆದ ಮೇಲೆ ಫೋನ್ ಹೆಚ್ಚಿರಬಹುದು. ಆದರೂ ರಿಜಿಸ್ಟರಿನಲ್ಲಿರುವ ನಂಬರ್ ಗಂಡನದ್ದೋ ಮಗನದ್ದೋ, ಕೆಲವು ಸಲ ಆಶಾ ಕಾರ್ಯಕರ್ತೆಯದ್ದೋ ಆಗಿರುವುದನ್ನು ಹಳ್ಳಿ ಕೆಲಸ ಮಾಡಿದವರೆಲ್ಲ ನೋಡಿದ್ದಾರೆ. ಆ ನಂಬರಿಗೆ 'ರಕ್ತಸ್ರಾವ ಇದೆಯೇ?' ಅಂತ ಕಳಿಸಿದರೆ ಉತ್ತರ ಯಾರದ್ದು? ಒಂದು ಅಧ್ಯಯನದ ಮೆಸೇಜುಗಳ ಕರಡು ನನ್ನ ಕೈಗೆ ಬಂದಿತ್ತು. ಮೊದಲ ಸಾಲಿನಲ್ಲೇ ಟಿಬಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಮದುವೆ ಗೊತ್ತಾದ ಹುಡುಗಿಯ ಮನೆಯಲ್ಲಿ ಆ ಮೆಸೇಜ್ ಯಾರಾದರೂ ಓದಿದರೆ ಏನಾಗುತ್ತದೆ ಅನ್ನುವುದನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕನ್ನಡದ ಸಮಸ್ಯೆ. ಇಂಗ್ಲಿಷ್ ಮೆಸೇಜಿಗೆ 160 ಅಕ್ಷರ ಸಿಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಮೆಸೇಜಿಗೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ಆಸ್ಪತ್ರೆ' ಅನ್ನುವುದೇ 8 ಆಗುತ್ತದೆ. ಹಾಗಾಗಿ ಪ್ರಶ್ನೆ ಎರಡು ಮೂರು ಮೆಸೇಜಿನಷ್ಟು ಉದ್ದವಾಗುತ್ತದೆ, ಖರ್ಚು ಏರುತ್ತದೆ, ಕೊನೆಗೆ 'ಇಂಗ್ಲಿಷಿನಲ್ಲೇ ಕಳಿಸೋಣ ಬಿಡಿ' ಅನ್ನುವ ತೀರ್ಮಾನ ಆಗಿಬಿಡುತ್ತದೆ. ಇದಕ್ಕೆ ನನ್ನ ವಿರೋಧ ಇದೆ. ಪ್ರಶ್ನೆ ಚಿಕ್ಕದು ಮಾಡಿ, ಉತ್ತರಕ್ಕೆ ಒಂದು ಅಂಕಿ ಇಡಿ, ಆದರೆ ಕನ್ನಡದಲ್ಲೇ ಕೇಳಿ.

ಇನ್ನೊಂದು ತೊಡಕು ಗಮನಿಸಿದ್ದೀರಾ? ಬ್ಯಾಂಕಿನವರು, ಸರ್ಕಾರದವರು ಕಳಿಸುವ ಮೆಸೇಜುಗಳು ನಂಬರಿನ ಬದಲು ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬರುತ್ತವಲ್ಲ, ಅದಕ್ಕೆ ಉತ್ತರಿಸಲು ಆಗುವುದೇ ಇಲ್ಲ. ಉತ್ತರಕ್ಕೆ ಬೇರೆ ನಂಬರ್ ಕೊಡಬೇಕು. ಅದಕ್ಕೆ ಕಳಿಸಲು ಬ್ಯಾಲೆನ್ಸ್ ಬೇಕು. ಸಂಶೋಧನೆಗೆ ಮಾಹಿತಿ ಕೊಡುವ ಬಡವರು ತಮ್ಮ ಕೈಯಿಂದ ದುಡ್ಡು ಹಾಕಿ ಉತ್ತರಿಸಬೇಕೇ? ತಾಂಜಾನಿಯಾದಲ್ಲಿ ಮಲೇರಿಯಾ ಔಷಧದ ದಾಸ್ತಾನು ಎಷ್ಟಿದೆ ಅಂತ ಆರೋಗ್ಯ ಕೇಂದ್ರಗಳಿಂದ ವಾರವಾರ ಮೆಸೇಜಿನಲ್ಲಿ ತರಿಸಿಕೊಂಡಾಗ, ಉತ್ತರ ಕಳಿಸುವುದನ್ನು ಉಚಿತ ಮಾಡಿದ್ದರು. ಸರಿಯಾಗಿ ಉತ್ತರಿಸಿದವರ ಫೋನಿಗೆ ರೀಚಾರ್ಜ್ ಕೂಡ ಮಾಡುತ್ತಿದ್ದರು. ನಮ್ಮಲ್ಲೂ ಇದು ಮಾಡಬಹುದಾದದ್ದೇ.

ಮೆಸೇಜೇ ಬೇಕು ಅಂತ ಹಟ ಏಕೆ ಅನ್ನುವುದಕ್ಕೂ ನಮ್ಮ ದೇಶದಲ್ಲೇ ಪಾಠ ಇದೆ. ಸೋಮನಿ ಪಟ್ನಾಯಕ್, ಎಮ್ಮಾ ಬ್ರನ್‌ಸ್ಕಿಲ್ ಮತ್ತು ಬಿಲ್ ಥೀಸ್ ಅನ್ನುವ ಸಂಶೋಧಕರು ಗುಜರಾತಿನ ಆರೋಗ್ಯ ಕಾರ್ಯಕರ್ತರ ಜೊತೆ ಒಂದು ಹೋಲಿಕೆ ಮಾಡಿ 2009ರಲ್ಲಿ ಪ್ರಕಟಿಸಿದರು. ಅದೇ ಮಾಹಿತಿಯನ್ನು ಮೊಬೈಲಿನ ಫಾರಂನಲ್ಲಿ ತುಂಬಿಸಿದಾಗ ಶೇ. 4.2 ತಪ್ಪು, ಮೆಸೇಜಿನಲ್ಲಿ ಕಳಿಸಿದಾಗ ಶೇ. 4.5 ತಪ್ಪು. ಫೋನ್ ಮಾಡಿ ಆಪರೇಟರಿಗೆ ಬಾಯಲ್ಲಿ ಹೇಳಿದಾಗ ಶೇ. 0.45. ಹತ್ತು ಪಟ್ಟು ಕಡಿಮೆ! ಆಪರೇಟರಿಗೆ ಸಂಬಳ ಕೊಡಬೇಕು, ನಿಜ. ಆದರೆ ತಪ್ಪು ಮಾಹಿತಿಯಿಂದ ಕೆಟ್ಟ ಚಿಕಿತ್ಸೆ ಕೊಟ್ಟರೆ ಆಗುವ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದೇ ಬಿಲ್ ಥೀಸ್ ಆಮೇಲೆ ಟಿಬಿ ರೋಗಿಗಳಿಗೆ 99ಡಾಟ್ಸ್ ಅನ್ನುವ ಉಪಾಯ ತಂದವರಲ್ಲಿ ಒಬ್ಬರು. ಅದನ್ನು ನಡೆಸುವ ಎವರ್‌ವೆಲ್ ಸಂಸ್ಥೆ ಇರುವುದು ಬೆಂಗಳೂರಿನಲ್ಲೇ. ಮಾತ್ರೆ ಒತ್ತಿ ಹೊರತೆಗೆದಾಗ ಒಳಗೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಆ ನಂಬರಿಗೆ ಉಚಿತ ಕರೆ ಕೊಟ್ಟರೆ ಇವತ್ತಿನ ಮಾತ್ರೆ ತೆಗೆದುಕೊಂಡರು ಅಂತ ದಾಖಲು. ಓದುವುದೂ ಬೇಡ, ಟೈಪ್ ಮಾಡುವುದೂ ಬೇಡ. ಮಿಸ್ಡ್ ಕಾಲ್ ಕೊಡುವುದು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲವಲ್ಲ! ತುಂಬ ಜಾಣತನದ ಉಪಾಯ. ಆದರೂ ಮೂತ್ರ ಪರೀಕ್ಷೆ ಮಾಡಿ ಹೋಲಿಸಿದಾಗ ಎರಡು ಕಡೆಯಿಂದಲೂ ವ್ಯತ್ಯಾಸ ಬಂತು: ಮಾತ್ರೆ ನುಂಗಿ ಕರೆ ಮಾಡದವರೂ ಇದ್ದರು, ಕರೆ ಮಾಡಿ ನುಂಗದವರೂ ಇದ್ದರು. ಕರೆ ಬಂದ ಮಾತ್ರಕ್ಕೆ ಮಾತ್ರೆ ಹೊಟ್ಟೆಗೆ ಹೋಗಿದೆ ಅಂತ ಬರೆದುಕೊಳ್ಳುವಂತಿಲ್ಲ.

ಹಾಗಾಗಿ ಸಂಶೋಧಕರಲ್ಲಿ, ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳಲ್ಲಿ ಕೂರುವ ಹಿರಿಯರಲ್ಲಿ ನನ್ನ ಒತ್ತಾಯ ಇಷ್ಟು. ಮೆಸೇಜ್ ಸಾಫ್ಟ್‌ವೇರಿಗೆ ದುಡ್ಡು ಕೇಳುವ ಯೋಜನೆ ಬಂದಾಗ, ವಾಪಸ್ ಫೋನ್ ಮಾಡುವ ನರ್ಸಿನ ಸಂಬಳ ಬಜೆಟ್ಟಿನ ಯಾವ ಸಾಲಿನಲ್ಲಿದೆ ಅಂತ ಕೇಳಿ. ಇಲ್ಲದಿದ್ದರೆ ಯೋಜನೆಯನ್ನು ವಾಪಸ್ ಕಳಿಸಿ. ಶನಿವಾರ ರಾತ್ರಿ ಒಬ್ಬ ಬಾಣಂತಿ 'ತೊಂದರೆ ಇದೆ' ಅಂತ ಕಳಿಸಿ, ಸೋಮವಾರ ಬೆಳಿಗ್ಗೆ ಯಾರೋ ಕಂಪ್ಯೂಟರ್ ತೆರೆದು ನೋಡುವುದಾದರೆ ಅಂಥ ಅಧ್ಯಯನ ನಡೆಯಬಾರದು.

ಓದುವ ನಿಮಗೂ ಒಂದು ಮಾತು. ಆಸ್ಪತ್ರೆಯಲ್ಲಿ ಇಂಥ ಅಧ್ಯಯನಕ್ಕೆ ಸೇರಿ ಅಂತ ಒಪ್ಪಿಗೆ ಪತ್ರ ಕೊಟ್ಟರೆ ದಯವಿಟ್ಟು ಸೇರಿ, ನಿಮ್ಮ ಮಾಹಿತಿ ಬಹಳ ಬೇಕಾದದ್ದು. ಸಹಿ ಹಾಕುವ ಮೊದಲು ಕೇಳಿ: ಮೆಸೇಜಿನಲ್ಲಿ ನನ್ನ ಕಾಯಿಲೆಯ ಹೆಸರು ಇರುತ್ತದೆಯೇ? ಉತ್ತರಕ್ಕೆ ನನಗೆ ಖರ್ಚಾಗುತ್ತದೆಯೇ? ನಾನು ತೊಂದರೆ ಇದೆ ಅಂದರೆ ಫೋನ್ ಮಾಡುವವರು ಯಾರು, ಎಷ್ಟು ಗಂಟೆಯೊಳಗೆ? ಅವರ ಹೆಸರು, ನಂಬರ್ ಪತ್ರದಲ್ಲೇ ಬರೆಸಿಕೊಳ್ಳಿ.