ಅದಕ್ಕ ಪಥ್ಯ ಅದ

ರಾತ್ರಿ ಎರಡು ಗಂಟೆಗೆ ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಸದ್ದು ಕೇಳುತ್ತಿತ್ತು. ಚಪ್, ಚಪ್, ಚಪ್. ಯಾರೋ ಕೆಸರಿನಲ್ಲಿ ಕಾಲಿಟ್ಟು ನಡೆದ ಹಾಗೆ. ಮಂಚದ ಪಕ್ಕದಲ್ಲಿ ಭೀಮಾ ತನ್ನ ಮುಂಗಾಲು ನೆಕ್ಕುತ್ತಾ ಕೂತಿರುತ್ತಿದ್ದಳು. ಲೈಟ್ ಹಾಕಿದರೆ ನಿಲ್ಲಿಸುವಳು, ಆರಿಸಿದರೆ ಮತ್ತೆ ಶುರು. ಬೆರಳ ಸಂದಿಯ ತಿಳಿ ಕೂದಲು ಜೊಲ್ಲು ಹತ್ತಿ ಹತ್ತಿ ಕೆಂಪಗಾಗಿತ್ತು. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಎಲೆ ಅಡಿಕೆ ಉಗುಳಿದ ಕಲೆ ಇರುತ್ತದಲ್ಲ, ಅದೇ ಬಣ್ಣ. ಕಿವಿ ಮೂಸಿದರೆ ಹುಳಿ ಬಂದ ಹಿಟ್ಟಿನ ವಾಸನೆ.

ಭೀಮಾ ನಮ್ಮ ಲ್ಯಾಬ್ರಡಾರ್. ಹೆಸರು ಕೇಳಿದವರು ಗಂಡು ಅಂದುಕೊಳ್ಳುತ್ತಾರೆ. ನಾನು ಇಟ್ಟಿದ್ದು ನದಿಯ ಹೆಸರು. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ ನಮ್ಮ ಅಫಜಲಪುರದ ಕಡೆ ಹರಿದು ಬರುವ ಹೊಳೆ ಅದು. ನಾನು ಹೊಳೆಗೆ ಎದುರಾಗಿ ಹೋದವನು. ಕಲಬುರಗಿ ಬಿಟ್ಟು ಪುಣೆ ಸೇರಿ ಹದಿನಾಲ್ಕು ವರ್ಷ ಆಯಿತು.

ಪುಣೆಯಲ್ಲಿ ನಾಯಿ ಸಾಕುವವರಿಗೆ ಪ್ಯಾಕೆಟ್ಟೇ ಪಂಚಾಂಗ. ಬೆಳಿಗ್ಗೆ ಸೊಸೈಟಿಯ ತೋಟದಲ್ಲಿ ನಾಯಿ ಹಿಡಿದು ಸೇರುವವರ ಮಾತೆಲ್ಲ ಅದರದ್ದೇ. ಭೀಮಾಳ ಕಾಲು ನೋಡಿ, ಇದು ತಿನ್ನೋದರ ಅಲರ್ಜಿ, ಅದಕ್ಕೇ ತುರಿಕೆ ಅಂದರು. ಒಬ್ಬರು ಗೋಧಿ ಬಿಡಿಸಿ ಅಂದರು. ಇನ್ನೊಬ್ಬರು ಅಕ್ಕಿಯೇ ಕಾರಣ ಅಂದರು. ಕೊನೆಗೆ ಎಲ್ಲರೂ ಸೇರಿ ಒಂದೇ ತೀರ್ಪು ಕೊಟ್ಟರು: ಗ್ರೇನ್ ಫ್ರೀ ತರಿಸಿ. ಧಾನ್ಯವೇ ಇಲ್ಲದ ಆಹಾರ. ನಾನೂ ತರಿಸಿದೆ. ದುಡ್ಡು ಹೋಯಿತು, ತುರಿಕೆ ಹೋಗಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಆಹಾರದ ಅಲರ್ಜಿ ಇದ್ದ 297 ನಾಯಿಗಳ ಲೆಕ್ಕವನ್ನು 2016ರಲ್ಲಿ ಒಟ್ಟು ಹಾಕಿದ್ದಾರೆ. ದನದ ಮಾಂಸಕ್ಕೆ ಶೇ 34, ಹಾಲಿನ ಪದಾರ್ಥಕ್ಕೆ ಶೇ 17, ಕೋಳಿಗೆ ಶೇ 15, ಗೋಧಿಗೆ ಶೇ 13. ಅಕ್ಕಿ ಪಟ್ಟಿಯ ತಳದಲ್ಲಿತ್ತು. ಅಂದರೆ ಜಾಸ್ತಿ ಕಾಟ ಕೊಡುವುದು ಮಾಂಸದ, ಹಾಲಿನ ಪ್ರೋಟೀನು. ದಿನಾ ಯಾವುದನ್ನು ತಿನ್ನಿಸುತ್ತೇವೋ ಅದಕ್ಕೇ ಅಲರ್ಜಿ ಆಗೋದು ಹೆಚ್ಚು. ನಮ್ಮಲ್ಲಿ ಸಿಗುವ ಚೀಲಗಳಲ್ಲಿ ಹೆಚ್ಚಿನವು ಕೋಳಿಯದ್ದೇ ಅಲ್ವಾ?

ಇನ್ನು ಗ್ರೇನ್ ಫ್ರೀ ಚೀಲದಲ್ಲಿ ಧಾನ್ಯದ ಬದಲು ಏನಿರುತ್ತದೆ? ಬಟಾಣಿ, ಮಸೂರ, ಕಡಲೆ. ಇಂಥ ಆಹಾರಕ್ಕೂ ನಾಯಿಗಳ ಹೃದಯ ಊದುವ ಒಂದು ಕಾಯಿಲೆಗೂ ನಂಟು ಇದೆಯಾ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ತನಿಖೆ ಶುರು ಮಾಡಿತು. ಇದೇ ಕಾರಣ ಅಂತ ಇನ್ನೂ ಗಟ್ಟಿಯಾಗಿಲ್ಲ. ತೊಗರಿ ನಾಡಿನವನಾಗಿ ಬೇಳೆ ಮೇಲೆ ಸಂಶಯ ಪಡೋದು ನನಗೂ ಕಷ್ಟ. ಆದರೂ ಜೋಳ, ಅಕ್ಕಿ ತೆಗೆದು ಆ ಜಾಗಕ್ಕೆ ಬಟಾಣಿ ತುಂಬಿ ಮೂರು ಪಟ್ಟು ರೇಟು ಹಾಕಿದರೆ ಅದಕ್ಕೆ ಆರೋಗ್ಯ ಅಂತ ಯಾಕೆ ಕರೀಬೇಕು?

ನಾನು ತರಿಸಿದ ಚೀಲದ ಮುಂದೆ ದೊಡ್ಡದಾಗಿ ಸಾಲ್ಮನ್ ಮೀನಿನ ಚಿತ್ರ ಇತ್ತು. ಒಂದು ಭಾನುವಾರ ಅಪ್ಪನ ಹಳೆ ಭೂತಗನ್ನಡಿ ಹಿಡಿದು ಚೀಲದ ಹಿಂಬದಿ ಓದಿದೆ. ಮೀನು ಇತ್ತು. ನಾಲ್ಕನೇ ಜಾಗದಲ್ಲಿ ಪೌಲ್ಟ್ರಿ ಮೀಲ್, ಅಂದರೆ ಕೋಳಿಯ ಪುಡಿ. ಇನ್ನೂ ಕೆಳಗೆ ಕೋಳಿ ಕೊಬ್ಬು. ಅಮೆರಿಕದ ಲೇಬಲ್ ನಿಯಮದಲ್ಲಿ 'ವಿತ್ ಸಾಲ್ಮನ್' ಅಂತ ಬರೆಯಲು ಶೇ 3ರಷ್ಟು ಮೀನಿದ್ದರೆ ಸಾಕು. 'ಸಾಲ್ಮನ್ ಫ್ಲೇವರ್' ಅನ್ನೋದಕ್ಕೆ ಅದೂ ಬೇಡ, ರುಚಿ ಹತ್ತಿದರೆ ಆಯಿತು. ಮುಂದಿನ ಚಿತ್ರ ಅಂಗಡಿಯವನಿಗೆ, ಹಿಂದಿನ ಸಣ್ಣ ಅಕ್ಷರ ನಾಯಿಗೆ. ನಾನು ಒಂದು ವರ್ಷ ಚಿತ್ರ ನೋಡಿ ದುಡ್ಡು ಕೊಟ್ಟಿದ್ದೆ.

ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಎರಡು ಪುಟದ ಪಟ್ಟಿ ಬಂತು. ಅಕ್ಕಿ, ಮೊಟ್ಟೆ, ಆಲೂಗಡ್ಡೆ ಎಲ್ಲಾ ಕೆಂಪು ಬಣ್ಣದಲ್ಲಿ. ಕೋಳಿ ಹಸಿರು! ಚರ್ಮದ ಕಾಯಿಲೆ ಬಲ್ಲ ಪಶುವೈದ್ಯರು ಆಹಾರದ ಅಲರ್ಜಿಗೆ ಇಂಥ ಪರೀಕ್ಷೆಗಳನ್ನು ನಂಬುವುದಿಲ್ಲ. ಏನೂ ಆಗದ ನಾಯಿಗೂ ಅವು ಅಲರ್ಜಿ ಅಂತ ತೋರಿಸುತ್ತವೆ. ಇದು ಗೊತ್ತಾಗಿದ್ದು ಬಿಲ್ ಕಟ್ಟಿದ ಮೇಲೆ.

ನಂಬಬಹುದಾದ ದಾರಿ ಒಂದೇ. ಹಿಂದೆಂದೂ ತಿನ್ನದ ಒಂದು ಮಾಂಸ, ಒಂದು ಧಾನ್ಯ. ಎಂಟು ವಾರ ಬರೀ ಅಷ್ಟೇ. ಆಹಾರವೇ ಕಾರಣವಾಗಿದ್ದರೆ ಹತ್ತರಲ್ಲಿ ಒಂಬತ್ತು ನಾಯಿಗಳಿಗೆ ಅಷ್ಟರಲ್ಲಿ ತುರಿಕೆ ಇಳಿಯುತ್ತದೆ. ಆಮೇಲೆ ಹಳೆಯದನ್ನು ಮತ್ತೆ ಕೊಟ್ಟು ನೋಡಬೇಕು. ಕೇಳೋಕೆ ಸುಲಭ. ಪುಣೆಯಲ್ಲಿ ಎರಡು ಸಲ ಶುರು ಮಾಡಿ ಎರಡು ಸಲವೂ ಕೆಟ್ಟೆ. ವಾಚ್‌ಮನ್ ಜೇಬಿನಲ್ಲಿ ಬಿಸ್ಕೀಟು. ಮೇಲಿನ ಮನೆ ಅಜ್ಜಿಯ ತುಪ್ಪದ ಚಪಾತಿ. ಎರಡನೇ ಸಲ ನಾನೇ ಉಣ್ಣಿಯ ಮಾತ್ರೆ ನುಂಗಿಸಿದೆ, ಅದು ಮಾಂಸದ ರುಚಿ ಹಚ್ಚಿದ್ದು. ಅಲರ್ಜಿ ಇದೆ ಅಂದರೆ ಎಲ್ಲರೂ ನಗುತ್ತಿದ್ದರು. ಒಂದು ಬಿಸ್ಕೀಟಿಗೆ ಏನಾಗುತ್ತದೆ ಸಾಹೇಬರೇ?

ಹೋದ ನವೆಂಬರಿನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಇತ್ತು. ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದರು. ಭೀಮಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಸೊಲ್ಲಾಪುರ, ಅಕ್ಕಲಕೋಟ ದಾಟಿ ಕಲಬುರಗಿಗೆ ಬಂದೆ.

ಅವ್ವ ಮೊದಲ ದಿನವೇ ಕೇಳಿದಳು: "ನಾಯಿಗಿ ಅಲರ್ಜಿ? ನಮ್ ಕರಿಯ ಹದಿಮೂರು ವರ್ಷ ಬದುಕ್ತು. ರೊಟ್ಟಿ ಬಿಟ್ಟು ಏನ್ ತಿಂದಿತ್ತು ಅದು?"

ಉತ್ತರ ಕೊಡೋಕೆ ಕಷ್ಟವಾಯಿತು. ಕರಿಯ ಹದಿಮೂರು ವರ್ಷ ಬದುಕಿದ್ದು ನಿಜ. ಆದರೆ ಒಂದು ಬೇಸಿಗೆಯಲ್ಲಿ ಅದರ ಬೆನ್ನಿನ ಕೂದಲೆಲ್ಲ ಉದುರಿ, ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಹಚ್ಚಿದ್ದು ನನಗೆ ನೆನಪಿದೆ. ಗಾಡಿಯ ಆಯಿಲ್ಲು ನಾಯಿಗೆ ವಿಷ. ಮೈ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ನಾವು ಅದನ್ನು ಕಜ್ಜಿ ಅಂತ ಕರೆದು ಸುಮ್ನಾದೆವು. ಕಜ್ಜಿಯೋ, ಚಿಗಟವೋ, ತಿನ್ನೋದರಲ್ಲೇ ಏನೋ ಇತ್ತೋ, ಯಾರು ನೋಡಿದ್ದರು? ಊರ ನಾಯಿಗೆ ಅಲರ್ಜಿ ಇರಲ್ಲ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಹೆಸರು ಹೇಳಿ ತೋರಿಸುವವರು ಇರಲಿಲ್ಲ, ಅಷ್ಟೇ.

ನಮ್ಮ ಗಲ್ಲಿಯ ನಾಯಿಗಳು ಒಂದೊಂದೂ ಎಂಟು ಮನೆಗೆ ಸೇರಿದವು. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಾಗಿಲಿಗೆ ಬಂದು ಕೂರುತ್ತವೆ. ಜೋಳದ ರೊಟ್ಟಿಯ ಮೇಲೆ ನನಗೆ ತಕರಾರಿಲ್ಲ. ನಾಯಿ ಮಾಂಸಾಹಾರಿ, ರೊಟ್ಟಿ ಹಾಕಲೇಬೇಡಿ ಅನ್ನುವ ಪುಣೆಯ ಪಂಡಿತರಿಗೆ 2013ರ ಒಂದು ಅಧ್ಯಯನ ತೋರಿಸಬೇಕು. ಪಿಷ್ಟ ಕರಗಿಸುವ ಜೀನು ತೋಳಕ್ಕೆ ಎರಡೇ ಪ್ರತಿ, ನಾಯಿಗೆ ನಾಲ್ಕರಿಂದ ಮೂವತ್ತು. ಮನುಷ್ಯನ ರೊಟ್ಟಿ ತಿಂದೇ ಅದು ನಾಯಿ ಆಗಿದ್ದು. ತಕರಾರು ಇರೋದು ರೊಟ್ಟಿ ಮೇಲೆ ಹಾಕುವುದರ ಬಗ್ಗೆ. ಉಳಿದ ಪುಂಡಿ ಪಲ್ಯ, ಉಳ್ಳಾಗಡ್ಡಿ ಒಗ್ಗರಣೆಯ ಸಾರು, ಬಳ್ಳೊಳ್ಳಿ ಹಾಕಿದ ಶೇಂಗಾ ಹಿಂಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗಲ್ಲ. ಬರೀ ರೊಟ್ಟಿ, ಇಲ್ಲಾ ಬರೀ ಮಾಂಸದ ಮೇಲೆ ಬೆಳೆದ ಮರಿಗಳ ಕಾಲು ಸೊಟ್ಟ ಆಗುವುದನ್ನೂ ನೋಡಿದ್ದೇನೆ. ಎರಡರಲ್ಲೂ ಕ್ಯಾಲ್ಶಿಯಂ ಸಾಲದು.

ಡಾಕ್ಟರ್ ಹತ್ತಿರ ಹೋದಾಗ ನಮ್ಮ ಮುಂದೆ ಎರಡು ಆಡು, ಒಂದು ಎಮ್ಮೆ ಕರು ಇದ್ದವು. ಭೀಮಾ ಎಮ್ಮೆ ಕರು ನೋಡಿ ನನ್ನ ಕಾಲ ಹಿಂದೆ ಸೇರಿಕೊಂಡಳು. ಡಾಕ್ಟರ್ ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಓದಿದ ಹುಡುಗಿ. ಯಾವ ರಿಪೋರ್ಟೂ ಕೇಳಲಿಲ್ಲ. ಮೊದಲು ಬಾಲದ ಬುಡ ನೋಡಿದರು. ಚಿಗಟದ ಅಲರ್ಜಿ ಅಲ್ಲಿಂದಲೇ ಶುರುವಾಗುತ್ತದಂತೆ. ಸಣ್ಣ ಹಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿದರು. ಅದು ಕೆಂಪಾಗಿ ಹರಡಿದರೆ ಚಿಗಟದ ಹಿಕ್ಕೆ, ಅಂದರೆ ನಾಯಿಯದ್ದೇ ರಕ್ತ. ಕರಗಲಿಲ್ಲ, ಬರೀ ಮಣ್ಣು. ಆಮೇಲೆ ಕಿವಿ ತೊಳೆದು ಔಷಧಿ ಬಿಟ್ಟರು. ಧೂಳು, ಪರಾಗದಿಂದಲೂ ಹೀಗೆ ಆಗಬಹುದು, ಆದರೆ ಮೊದಲು ತಿನ್ನೋದನ್ನು ನೋಡೋಣ ಅಂದರು. ಕೊನೆಗೆ ನನ್ನ ಜೊತೆ ಬಂದಿದ್ದ ಅವ್ವನ ಕಡೆ ತಿರುಗಿ, "ಎಂಟು ವಾರ ಪಥ್ಯ ಮಾಡ್ರಿ. ಒಮ್ಮಿ ತಪ್ಪಿದ್ರ ಮೊದಲಿನಿಂದ" ಅಂದರು.

ಪಥ್ಯ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ್ದ ಎಲಿಮಿನೇಷನ್ ಡಯಟ್ಟು ಇದೇ ಅಲ್ವಾ ಅಂತ ನನಗೆ ಆಗ ಹೊಳೆಯಿತು. ಅವ್ವನಿಗೆ ಒಂದು ಮಾತೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಾಂಸ ಅಂದರೆ ಆಡಿನದ್ದು, ಭೀಮಾ ಹಿಂದೆ ತಿಂದಿರಲಿಲ್ಲ. ಧಾನ್ಯ ಅಂದರೆ ಜೋಳದ ನುಚ್ಚು. ಪುಣೆಗೆ ಹೋಗಿ ಗೋಧಿ ಚಪಾತಿಗೆ ಇಳಿದ ಮನೆ ನಮ್ಮದು, ಹಾಗಾಗಿ ಅವಳು ಜೋಳದ ಮುಖವನ್ನೂ ನೋಡಿರಲಿಲ್ಲ. ಆದರೆ ನಮ್ಮ ಕಲಬುರಗಿ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಅವ್ವ ಒಂದು ರಾತ್ರಿ ಯೋಚನೆ ಮಾಡಿದಳು. ಬೆಳಿಗ್ಗೆ ಹಿತ್ತಲಿನಲ್ಲಿ ಮೂರು ಕಲ್ಲು ಇಟ್ಟಳು. ಒಲೆ ಬೇರೆ, ಪಾತ್ರೆ ಬೇರೆ, ಸೌಟು ಬೇರೆ, ಒರೆಸುವ ಬಟ್ಟೆಯೂ ಬೇರೆ. ಬೇಯಿಸೋದು ನಾನು. ಬೇಯಿಸಿ ಕೈ ತೊಳೆದೇ ಒಳಗೆ ಬರಬೇಕು. ಅವಳು ಇದನ್ನೆಲ್ಲ ಮಾಡಿದ್ದು ಭೀಮಾಳ ಅಡುಗೆ ತನ್ನ ಅಡುಗೆಮನೆಗೆ ಸೋಕದಿರಲಿ ಅಂತ. ಆದರೆ ನಮ್ಮ ಅಡುಗೆಮನೆಯೂ ಭೀಮಾಳ ಪಾತ್ರೆಗೆ ಸೋಕಲಿಲ್ಲ. ಪುಣೆಯಲ್ಲಿ ಒಂದೇ ಸ್ಪಂಜಿನಲ್ಲಿ ಎಲ್ಲಾ ತೊಳೆಯುತ್ತಿದ್ದ ನನಗೆ ಇದು ಸಾಧ್ಯವೇ ಆಗಿರಲಿಲ್ಲ.

ಕಷ್ಟದ ದಿನ ಬಂದದ್ದು ಆರನೇ ವಾರ. ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಯಾರೂ ಮನೆಯಲ್ಲಿ ಉಣ್ಣೋದಿಲ್ಲ. ಭಜ್ಜಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಹೊಲದ ತುಂಬ ಚರಗ ಚೆಲ್ಲುತ್ತೇವೆ, ಭೂಮಿತಾಯಿಗೆ ಅಂತ ಆ ಅಡುಗೆಯನ್ನೇ ಚೆಲ್ಲುವುದು. ಅಂದರೆ ಭೀಮಾಳ ಪಾಲಿಗೆ ನೆಲದ ಮೇಲೆಲ್ಲ ಊಟ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹೊಟ್ಟೆ ತುಂಬಿತು ಅಂತ ಹೇಳುವ ಜೀನೇ ಅರ್ಧ ಕೆಟ್ಟಿರುತ್ತದೆ. ನಮ್ಮದು ಆ ಪೈಕಿಯೇ ಇರಬೇಕು. ಅವಳನ್ನು ಬನ್ನಿ ಗಿಡಕ್ಕೆ ಕಟ್ಟಿದೆ. ಅವಳು ಅಳುವುದಕ್ಕೆ ಶುರು ಮಾಡಿದಳು. ಇಡೀ ಬಳಗ ನನ್ನನ್ನು ಕಟುಕನ ಹಾಗೆ ನೋಡಿತು.

ನಾಯಿಗೆ ಬೇಡ ಅನ್ನೋದು ನಮ್ಮ ಕಡೆ ಸಣ್ಣ ಮಾತಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜೊತೆಗಾರ ಅದು. ಪುಣೆ ಹತ್ತಿರದ ಜೇಜುರಿಯ ಖಂಡೋಬನೂ ಅವನೇ, ಅಲ್ಲೂ ನಾಯಿ ಪಕ್ಕದಲ್ಲೇ. ನಮ್ಮ ಕಾಕಾ ಮಲ್ಲಣ್ಣನ ಭಕ್ತ. ಒಂದು ಹೋಳಿಗೆ ಹಿಡಿದು ನೇರ ಬನ್ನಿ ಗಿಡದ ಕಡೆ ನಡೆದ. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಕೂತಲ್ಲಿಂದ ಕೂಗಿದಳು.

"ಅದಕ್ಕ ಪಥ್ಯ ಅದ!"

ಕಾಕಾನ ಕೈ ಗಾಳಿಯಲ್ಲೇ ನಿಂತಿತು.

"ಎಷ್ಟ್ ದಿನದ್ದು?"

"ಇನ್ನ ಎರಡು ವಾರ ಉಳದದ."

"ಹಂಗಾರ ಬ್ಯಾಡ ಬಿಡು" ಅಂದ ಕಾಕಾ. ಹೋಳಿಗೆ ತಾನೇ ತಿಂದ. ಆಮೇಲೆ ಹೊಲಕ್ಕೆ ಬಂದ ಯಾರಿಗೂ ನಾನು ಏನೂ ಹೇಳಬೇಕಾಗಲಿಲ್ಲ. ಕಾಕಾನೇ ಗಿಡದ ಹತ್ತಿರ ಕೂತು ಎಲ್ಲರನ್ನೂ ತಡೆದ.

ಆ ಹೊತ್ತಿಗೆ ರಾತ್ರಿಯ ಸದ್ದು ನಿಂತು ವಾರವಾಗಿತ್ತು. ಜನವರಿಯಲ್ಲಿ ಪುಣೆಗೆ ವಾಪಸ್ ಬಂದು, ಡಾಕ್ಟರ್ ಹೇಳಿದಂತೆ ಬೇಯಿಸಿದ ಕೋಳಿ ಕೊಟ್ಟು ನೋಡಿದೆ. ನಾಲ್ಕನೇ ರಾತ್ರಿ ಚಪ್, ಚಪ್. ನಿಲ್ಲಿಸಿದೆ. ಹತ್ತು ದಿನದಲ್ಲಿ ಮತ್ತೆ ಸುಮ್ನಾದಳು. ರಿಪೋರ್ಟಿನಲ್ಲಿ ಹಸಿರಿದ್ದ ಕೋಳಿಯೇ ಕಳ್ಳ.

ಈಗ ಅವಳು ತಿನ್ನುವುದು ಕೋಳಿ ಇಲ್ಲದ ಮೀನಿನ ಪ್ಯಾಕೆಟ್ಟು, ಹಿಂಬದಿ ಓದಿಯೇ ತಂದದ್ದು, ತೂಕ ಮಾಡಿಯೇ ಹಾಕುವುದು. ಇದು ಪುಣೆ ಕಲಿಸಿದ್ದು. ನುಚ್ಚು, ಮಾಂಸವನ್ನೇ ವರ್ಷಗಟ್ಟಲೆ ಮುಂದುವರಿಸಿದರೆ ಕ್ಯಾಲ್ಶಿಯಂ, ವಿಟಮಿನ್ ಕೊರತೆ ಆಗುತ್ತದೆ. ಎಂಟು ವಾರಕ್ಕೆ ಸರಿ, ಅದೂ ಬೆಳೆದ ನಾಯಿಗೆ. ದೊಡ್ಡ ಚೀಲ ತರೋದನ್ನೂ ಬಿಟ್ಟೆ. ತಿಂಗಳುಗಟ್ಟಲೆ ಬಾಯಿ ತೆರೆದಿಟ್ಟರೆ ಕೊಬ್ಬು ಕಮಟು ಹಿಡಿಯುತ್ತದೆ, ನುಸಿ ಸೇರುತ್ತದೆ, ಆ ನುಸಿಗೂ ಕೆಲವು ನಾಯಿಗಳಿಗೆ ಅಲರ್ಜಿ. ಗೋಧಿ, ಹಾಲು ಇನ್ನೂ ಒಂದೊಂದಾಗಿ ಕೊಟ್ಟು ನೋಡಬೇಕು. ಅಲ್ಲಿಯವರೆಗೆ ಹೊರಗಿನದ್ದು ಬಂದ್.

ಮೊನ್ನೆ ಮೇಲಿನ ಮನೆ ಅಜ್ಜಿ ಮತ್ತೆ ಚಪಾತಿ ತಂದರು. ನಾನು ಈ ಸಲ ಅಲರ್ಜಿ ಅನ್ನಲಿಲ್ಲ. ಮರಾಠಿಯಲ್ಲೂ ಅದಕ್ಕೆ ಪಥ್ಯ ಅಂತಲೇ ಅನ್ನುತ್ತಾರೆ, ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಭೀಮಾಗೆ ಪಥ್ಯ ಇದೆ ಅಂದೆ. ಅಜ್ಜಿ ಚಪಾತಿ ಹಿಂದಕ್ಕೆ ತೆಗೆದುಕೊಂಡು, ಎಷ್ಟು ದಿನದ್ದು ಅಂತ ಕೇಳಿದರು. ಕಾಕಾ ಕೇಳಿದ ಹಾಗೇ.

ವಾಚ್‌ಮನ್ ಮಾತ್ರ ಬಗ್ಗಲಿಲ್ಲ. ನಾಯಿ ಬಂದಾಗ ಕೈಯಲ್ಲಿ ಏನೂ ಇಲ್ಲದಿದ್ದರೆ ಅವನಿಗೆ ಆಗೋದಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದೆ. ಹೋದ ವಾರ ಊರಿನಿಂದ ಬಂದವರ ಕೈಯಲ್ಲಿ ಒಂದು ಡಬ್ಬಿ ಜೋಳದ ಅರಳು ಕಳಿಸಿದ್ದಾಳೆ, ಉಪ್ಪು ಇಲ್ಲದ್ದು. ಅದನ್ನು ವಾಚ್‌ಮನ್ ಕೈಗೆ ಕೊಟ್ಟೆ. ಭೀಮಾಗೆ ಎರಡು ಹಾಕಿದರೆ ತಾನು ನಾಲ್ಕು ತಿನ್ನುತ್ತಾನೆ. ನಿನ್ನೆ ಕರೆದು, ಇದರ ಜೊತೆ ಸ್ವಲ್ಪ ಬೆಲ್ಲ ಇದ್ದರೆ ಚೆನ್ನಾಗಿರುತ್ತಿತ್ತು ಅಂದ.