ಉಳುವವನಿಗೆ ಬಿ ಫಾರಂ ಇಲ್ಲ

ನಾನು ಹಳೆಯ ಕಾಲದವನು. ಗೋಡೆಯ ಗಡಿಯಾರಕ್ಕೆ ಈಗಲೂ ಎಂಟು ದಿನಕ್ಕೊಮ್ಮೆ ಕೀಲಿ ಕೊಡುತ್ತೇನೆ, ಪಂಚಾಂಗ ನೋಡದೆ ಊರು ಬಿಡುವುದಿಲ್ಲ, ಧೋತರದ ಕಚ್ಚೆ ನೆಟ್ಟಗಾಗದೆ ಓಣಿಗೆ ಇಳಿಯುವುದಿಲ್ಲ. ಮೊಮ್ಮಗಳು ನನ್ನನ್ನು ‘ಮ್ಯೂಸಿಯಂ ಅಜ್ಜ’ ಎಂದು ಕರೆಯುತ್ತಾಳೆ. ವರ್ಷವಿಡೀ ನನ್ನ ಮಾತನ್ನು ಮನೆಯ ಬೆಕ್ಕೂ ಕೇಳುವುದಿಲ್ಲ. ಆದರೆ ಚುನಾವಣಾ ಆಯೋಗ ದಿನಾಂಕ ಘೋಷಿಸಿದ ಮರುದಿನ ಬೆಳಗ್ಗೆ ನಾನು ಇದ್ದಕ್ಕಿದ್ದಂತೆ ಈ ನಾಡಿನ ಆಧಾರಸ್ತಂಭವಾಗುತ್ತೇನೆ. “ನಿಮ್ಮಂಥ ಹಿರಿಯರು ಇರುವುದಕ್ಕೇ ನಮ್ಮ ಸಂಸ್ಕೃತಿ ಉಳಿದಿದೆ” ಎಂದು ಬಾಗಿಲಲ್ಲಿ ನಿಂತು ಹೇಳುತ್ತಾರೆ. ಇಲ್ಲಿಯತನಕ ಉಳಿಸಿದವನು ನಾನಂತೆ, ಇನ್ನು ಮುಂದೆ ಉಳಿಸುವವರು ಅವರಂತೆ.

ಈ ಸಲ ಆ ಮಾತನ್ನು ನಾನು ನಿಜವೆಂದೇ ಹಿಡಿದುಕೊಂಡೆ. ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುವ ಜನ ನಾವು. ಮತ ಕೊಡುವಾಗ ಮಾತ್ರ ಬ್ಯಾನರಿನ ಫೋಟೊ ನೋಡಿ ತಲೆಯಾಡಿಸುತ್ತೇವೆ. ಅದರಲ್ಲೂ ವರನ ಮುಖಕ್ಕಿಂತ ಬೀಗರ ಮುಖಗಳೇ ಹೆಚ್ಚು. ಹಾಗಾಗದಿರಲಿ ಎಂದು ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಕುಲಗೋತ್ರ, ಆಚಾರವಿಚಾರ ಎಲ್ಲವನ್ನೂ ಶೋಧಿಸಲು ಕುಳಿತೆ. ಒಬ್ಬನಾದರೂ ನಿಜವಾದ ಸಂಪ್ರದಾಯಸ್ಥ ಸಿಕ್ಕರೆ ಸಾಕು ಎಂಬ ಆಸೆ. ಎಲ್ಲರೂ ಸಂಪ್ರದಾಯಸ್ಥರೇ ಎಂದು ತಿಳಿದು ಗಾಬರಿಯಾಯಿತು. ಅವರ ಮಡಿಯ ಮುಂದೆ ನನ್ನದು ಬರೀ ಒಗೆದ ಬಟ್ಟೆ.

ಮುಹೂರ್ತದ ವಿಷಯವನ್ನೇ ನೋಡಿ. ನಾಮಪತ್ರ ಸ್ವೀಕರಿಸುವ ವೇಳೆ ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ಈ ನಿಯಮ ಬರೆದವರು ಪಂಚಾಂಗವನ್ನು ತೆರೆದೇ ನೋಡಿಲ್ಲ. ಬುಧವಾರ 12ರಿಂದ 1.30ರವರೆಗೆ ರಾಹುಕಾಲ, ಗುರುವಾರ 1.30ರಿಂದ 3, ಶುಕ್ರವಾರ 10.30ರಿಂದ 12. ಅಂದರೆ ವಾರದಲ್ಲಿ ಮೂರು ದಿನ ಚುನಾವಣಾಧಿಕಾರಿಯ ಪಕ್ಕದ ಕುರ್ಚಿಯಲ್ಲಿ ರಾಹುವೂ ಕುಳಿತಿರುತ್ತಾನೆ. ಒಂದು ಬುಧವಾರ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ನಾನೇ ಕಣ್ಣಾರೆ ಕಂಡೆ. ಎದುರಾಳಿ ಪಕ್ಷಗಳ ಇಬ್ಬರು ಅಭ್ಯರ್ಥಿಗಳು 1.31 ಆಗುವುದನ್ನೇ ಕಾಯುತ್ತ ನಿಂತಿದ್ದರು. ಹಿಂದಿನ ದಿನ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಕಳ್ಳ, ಸುಳ್ಳ ಎಂದವರು ಅಲ್ಲಿ ಒಂದೇ ಕೈಗಡಿಯಾರದ ಮೇಲೆ ತಲೆಗೆ ತಲೆ ಹಚ್ಚಿ ಬಗ್ಗಿದ್ದರು. ಸಿದ್ಧಾಂತ ಬೇರೆ ಬೇರೆ, ಜೋಯಿಸರು ಒಬ್ಬರೇ.

ಇನ್ನೂ ಒಂದು ಸೂಕ್ಷ್ಮವಿದೆ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರದಲ್ಲಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಆದ್ದರಿಂದ ಒಂದನ್ನು ಒಳ್ಳೆಯ ಗಳಿಗೆಯಲ್ಲಿ ಸದ್ದಿಲ್ಲದೆ ಕೊಟ್ಟು ಬರುತ್ತಾರೆ, ಅದು ದೇವರಿಗೆ. ಇನ್ನೊಂದನ್ನು ಡೊಳ್ಳು, ಹಲಗೆ, ತೆರೆದ ವಾಹನದೊಂದಿಗೆ ಕೊಡುತ್ತಾರೆ, ಅದು ಟಿ.ವಿ.ಗೆ. ಮದುವೆಗೆ ಒಂದೇ ಮುಹೂರ್ತ, ಉಮೇದುವಾರಿಕೆಗೆ ನಾಲ್ಕು. ನಮ್ಮ ಪೂರ್ವಜರಿಗೆ ಈ ಸೌಲಭ್ಯವಿದ್ದಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವೋ!

ಮುಂದೆ ಪ್ರಮಾಣಪತ್ರ ತೆರೆದೆ. ನಮೂನೆ 26 ಎನ್ನುತ್ತಾರೆ ಇದನ್ನು. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯೆ, ಮೊಕದ್ದಮೆ ಎಲ್ಲವನ್ನೂ ಮತದಾರ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದರ ಫಲ. ಈಗ ಮೊಬೈಲಿನಲ್ಲೇ ಸಿಗುತ್ತದೆ, ಮೊಮ್ಮಗಳು ತೆಗೆದುಕೊಟ್ಟಳು. ಒಂದು ವಾರ ಬೇರೆ ಪುರಾಣ ಓದಲಿಲ್ಲ. ನಮ್ಮ ಕಣ್ಣೆದುರೇ ಅವಿಭಕ್ತ ಕುಟುಂಬಗಳು ಒಡೆದವು, ಅಣ್ಣತಮ್ಮಂದಿರು ಬಾವಿಗೂ ಪಾಲು ಹಾಕಿಕೊಂಡರು, ಒಂದೇ ಅಂಗಳದಲ್ಲಿ ಮೂರು ಒಲೆ ಹೊಗೆಯಾಡಿದವು ಎಂದು ನಾನು ಎಷ್ಟು ಸಲ ಕಣ್ಣೀರು ಹಾಕಿದ್ದೇನೋ. ಆ ಅವಿಭಕ್ತ ಕುಟುಂಬ ಎಲ್ಲಿಗೂ ಹೋಗಿಲ್ಲ, ನಮೂನೆ 26ರಲ್ಲಿ ಕ್ಷೇಮವಾಗಿದೆ. ಸ್ವಂತದ್ದು, ಪತ್ನಿಯದು, ಹಿಂದೂ ಅವಿಭಕ್ತ ಕುಟುಂಬದ್ದು, ಅವಲಂಬಿತರದು ಎಂದು ಅಂಕಣಗಳು ಸಾಲಾಗಿ ನಿಂತಿವೆ, ಪಂಕ್ತಿಯಲ್ಲಿ ಕುಳಿತಂತೆ.

ದಾಂಪತ್ಯವಂತೂ ಆದರ್ಶ. ಒಂದು ಪ್ರಮಾಣಪತ್ರದಲ್ಲಿ ಗಂಡ ಹೆಂಡತಿಗೆ ಸಾಲ ಕೊಟ್ಟಿದ್ದಾರೆ, ಹೆಂಡತಿ ಮಗನಿಗೆ ಕೊಟ್ಟಿದ್ದಾರೆ, ಮಗ ತಿರುಗಿ ಅಪ್ಪನಿಗೇ ಕೊಟ್ಟಿದ್ದಾನೆ. ಹಣ ಮನೆಯ ಹೊಸ್ತಿಲು ದಾಟಿಲ್ಲ. ಇದಕ್ಕಲ್ಲವೇ ಮನೆತನ ಎನ್ನುವುದು? ಇನ್ನೊಬ್ಬರಿಗೆ ಎರಡು ಊರುಗಳಲ್ಲಿ ಕಟ್ಟಡಗಳಿವೆ, ತೋಟವಿದೆ, ಪತ್ನಿಯ ಮೈಮೇಲೆ ಕಿಲೋ ಲೆಕ್ಕದ ಬಂಗಾರವಿದೆ. ವಾಹನ ಎಂಬ ಜಾಗದಲ್ಲಿ ಮಾತ್ರ ‘ಇಲ್ಲ’ ಎಂದು ಬರೆದಿದ್ದಾರೆ. ಪಾಪ, ಅವರು ನಾಮಪತ್ರ ಸಲ್ಲಿಸಲು ಬಂದ ದಿನ ನಾನೇ ಹನ್ನೊಂದು ಕಾರು ಎಣಿಸಿದ್ದೆ. ಕಚೇರಿಯ ನೂರು ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ಬಿಡುವುದಿಲ್ಲವೆಂದು ಉಳಿದ ಎಂಟು ಬಸ್ ನಿಲ್ದಾಣದವರೆಗೆ ಸಾಲುಗಟ್ಟಿದ್ದವು. ಎಲ್ಲವೂ ಯಾರು ಯಾರದೋ. ಸನ್ಯಾಸಿಯೂ ಹೀಗೆಯೇ ಅಲ್ಲವೇ, ಸ್ವಂತದ ವಾಹನವಿಲ್ಲದೆ ಭಕ್ತರು ಕರೆದೊಯ್ದಲ್ಲಿಗೆ ಹೋಗುವವನು. ವೃತ್ತಿ ‘ಕೃಷಿ’ ಎಂದು ಬರೆದವರನ್ನು ಎಣಿಸಲು ಹೋಗಿ ಕೈಬಿಟ್ಟೆ. ಇಷ್ಟು ಜನ ಹೊಲಕ್ಕೆ ಇಳಿದಿದ್ದರೆ ನಮ್ಮ ಓಣಿಯ ರೈತ ಆಳು ಸಿಗುವುದಿಲ್ಲವೆಂದು ಯಾಕೆ ಗೋಳಾಡುತ್ತಾನೋ ತಿಳಿಯದು.

ಮೊಕದ್ದಮೆಗಳ ಮಾತೇ ಬೇರೆ. ನನ್ನ ಬಾಲ್ಯದಲ್ಲಿ ಕೋರ್ಟಿನ ಕಟ್ಟೆ ಹತ್ತಿದವನು ಆರು ತಿಂಗಳು ಜಾತ್ರೆಗೆ ಬರುತ್ತಿರಲಿಲ್ಲ. ಈಗ ಅಭ್ಯರ್ಥಿ ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣಗಳನ್ನು ಪತ್ರಿಕೆಯಲ್ಲೂ ಟಿ.ವಿ.ಯಲ್ಲೂ ಮೂರು ಸಲ ಪ್ರಕಟಿಸಬೇಕು. ಇಂಥವರನ್ನೇ ಏಕೆ ಆರಿಸಿದಿರಿ ಎಂದು ಪಕ್ಷವೂ ಕಾರಣ ಕೊಡಬೇಕು; ಗೆಲ್ಲುತ್ತಾರೆ ಎಂಬುದಷ್ಟೇ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಕ್ಷಗಳಿಗೆ ಕಾರಣಕ್ಕೆ ಬರವೇ? ‘ಬಡವರ ಬಂಧು, ಜನಾನುರಾಗಿ, ಸಮಾಜಸೇವಕ’. ಪೊಲೀಸರ ಕಡತದಲ್ಲಿ ಒಂದು ಹೆಸರು, ಪಕ್ಷದ ಕಡತದಲ್ಲಿ ಇನ್ನೊಂದು. ವಿಷ್ಣುವಿಗೇ ಸಾವಿರ ನಾಮಗಳಿರುವಾಗ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ಇದಾವುದೂ ಅಲ್ಲ, ಜಮೀನು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದರು. ಗೇಣಿದಾರರು ಉಳುತ್ತಿದ್ದ ಭೂಮಿ 1974ರ ಮಾರ್ಚ್ 1ರಿಂದ ಸರ್ಕಾರದ್ದಾಯಿತು, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರೆ ಅವನದ್ದಾಯಿತು. ಉಳುವವನೇ ಹೊಲದೊಡೆಯ. ನಮ್ಮ ಮನೆಯ ಎರೆಹೊಲ ಹೋದದ್ದು ಹಾಗೆಯೇ. ಅರಸರ ಹೆಸರು ಕಿವಿಗೆ ಬಿದ್ದರೆ ನಮ್ಮಪ್ಪ ಊಟದ ತಟ್ಟೆ ಸರಿಸಿ ಏಳುತ್ತಿದ್ದರು. ನಾನೂ ಬಹಳ ವರ್ಷ ಬೈದೆ, ಸಂಪ್ರದಾಯ ನೋಡಿ.

ಈಗ ಕಣ್ಣು ತೆರೆದು ನೋಡಿದರೆ ಆ ಕಾಯ್ದೆ ಹೊಲಗಳಿಗೆ ಮಾತ್ರ ಬಂತು, ವಿಧಾನಸಭಾ ಕ್ಷೇತ್ರಗಳಿಗೆ ಬರಲೇ ಇಲ್ಲ! 224 ಕ್ಷೇತ್ರಗಳಲ್ಲಿ ಹಳೆಯ ಜಮೀನ್ದಾರಿ ಎಷ್ಟು ಹಚ್ಚಗೆ ಉಳಿದಿದೆ ಎಂದರೆ ನನಗೆ ಆನಂದಬಾಷ್ಪ ಬರಬೇಕಿತ್ತು. ತಂದೆ ತೀರಿಕೊಂಡರೆ ಮಗ, ಮಗ ದಿಲ್ಲಿಗೆ ಹೋದರೆ ಸೊಸೆ, ಸೊಸೆ ಒಲ್ಲೆನೆಂದರೆ ಅಳಿಯ. ಪಹಣಿಯಲ್ಲಿ ಹೆಸರು ಬದಲಿಸಲು ಕೂಡ ಅರ್ಜಿ ಹಾಕಿ ಕಾಯಬೇಕು, ಇಲ್ಲಿ ಹದಿಮೂರನೆಯ ದಿನದ ಊಟದ ಪಂಕ್ತಿಯಲ್ಲೇ ವಾರಸಾ ಆಗಿಬಿಡುತ್ತದೆ.

ಹಾಗಾದರೆ ಉಳುವವನು ಯಾರು? ನಮ್ಮ ಓಣಿಯಲ್ಲೇ ಒಬ್ಬನಿದ್ದಾನೆ. ಮೂವತ್ತು ವರ್ಷದಿಂದ ಒಂದೇ ಪಕ್ಷದ ಕಾರ್ಯಕರ್ತ. ಬಾವುಟ ಕಟ್ಟಿದವನು, ಮತಗಟ್ಟೆಯಲ್ಲಿ ಏಜೆಂಟನಾಗಿ ಕುಳಿತವನು, ಮತದಾರರ ಪಟ್ಟಿಯಲ್ಲಿ ಸತ್ತವರು ಯಾರು, ಊರು ಬಿಟ್ಟವರು ಯಾರು ಎಂದು ಬಾಯಿಪಾಠವಾಗಿ ಹೇಳುವವನು. ಈ ಸಲ ಟಿಕೆಟ್ ತನಗೇ ಎಂದು ನಂಬಿ ಬಿಳಿ ಜುಬ್ಬ ಹೊಲಿಸಿದ್ದ. ಇವನೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಅಂದು 2.40ರವರೆಗೂ ಅವನು ಕಚೇರಿಯ ಗೇಟಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದ. 2.45ಕ್ಕೆ ಬಿ ಫಾರಂ ಬಂತು, ಕಾರಿನಲ್ಲಿ. ಜತೆಗೆ ಧಣಿಗಳ ಮಗನೂ ಬಂದ. ಗೇಟು ದಾಟುವಾಗ ಹುಡುಗ ನಮ್ಮವನ ಹೆಗಲ ಮೇಲೆ ಕೈಯಿಟ್ಟು, “ಕಾಕಾ, ಮತಗಟ್ಟೆಗಳ ಜವಾಬ್ದಾರಿ ನಿಮ್ಮದೇ” ಎಂದ. ನಮ್ಮವನು ಆ ಹೊಸ ಜುಬ್ಬದಲ್ಲೇ “ಜೈ” ಎಂದು ಕೂಗಿದ. ನಮೂನೆ 7 ಹಾಕಿ ಎರೆಹೊಲ ಪಡೆದ ನಮ್ಮ ಹಳೆಯ ಗೇಣಿದಾರ ನನ್ನ ಪಕ್ಕದಲ್ಲೇ ನಿಂತು ಇದನ್ನು ನೋಡುತ್ತಿದ್ದ. “ಬಿ ಫಾರಮ್ಮಿಗೂ ಮಂಡಳಿ ಬೇಕಿತ್ತು ಧಣೇರ” ಎಂದ. ಐವತ್ತು ವರ್ಷದಲ್ಲಿ ಮೊದಲ ಸಲ ಅವನ ಮಾತು ನನಗೆ ಸರಿಯೆನಿಸಿತು.

ನಾನೇ ಪಕ್ಷೇತರನಾಗಿ ನಿಂತರೆ ಹೇಗೆ ಎಂಬ ಯೋಚನೆಯೂ ಬಂದಿತ್ತು, ಸುಳ್ಳು ಹೇಳಲಾರೆ. ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಬೆಂಡೆಕಾಯಿ, ಹಸಿಮೆಣಸಿನಕಾಯಿ, ಚಪ್ಪಲಿ ಎಲ್ಲ ಇವೆ. ನನಗೆ ಒಪ್ಪುವ ಊರುಗೋಲೂ ಇದೆ. ಠೇವಣಿ 10,000 ರೂಪಾಯಿ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಪಾಲು ಬಾರದಿದ್ದರೆ ಅದು ಸರ್ಕಾರಕ್ಕೆ. “ನಿಮಗೆ ಮನೆಯಲ್ಲೇ ಆರನೇ ಒಂದು ಪಾಲು ಬರುವುದಿಲ್ಲ” ಎಂದಳು ನಮ್ಮ ಮನೆಯವಳು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ ಕಣದಲ್ಲಿದ್ದರು. ಆ ಕಾಲವಾಗಿದ್ದರೆ ಗುಂಪಿನಲ್ಲಿ ಗೋವಿಂದ ಎಂದು ನಿಲ್ಲಬಹುದಿತ್ತು.

ಇಷ್ಟೆಲ್ಲ ಮುಹೂರ್ತ, ಮನೆತನ, ವಾರಸಾ ಕಾಪಾಡುವವರು ಪಕ್ಷವನ್ನು ಮಾತ್ರ ಯಾಕೆ ಹೀಗೆ ಬದಲಿಸುತ್ತಾರೆ ಎಂಬುದು ನನಗೆ ಬಹುಕಾಲ ಬಿಡಿಸದ ಒಗಟಾಗಿತ್ತು. ಆಮೇಲೆ ತಿಳಿಯಿತು, ಅದೂ ಒಂದು ಸಂಪ್ರದಾಯವೇ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಎಂಬ ನುಡಿ ಹುಟ್ಟಿದ್ದೇ ಅವರಿಂದ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಒಬ್ಬನೇ ಹೋದರೆ ಪಕ್ಷಾಂತರ, ಮೂರನೇ ಎರಡು ಪಾಲು ಶಾಸಕರು ಒಟ್ಟಿಗೆ ಹೋದರೆ ವಿಲೀನ. ನಮ್ಮಲ್ಲಿಯೂ ಹಾಗೆಯೇ: ಹುಡುಗ, ಹುಡುಗಿ ಇಬ್ಬರೇ ಹೋದರೆ ಓಡಿಹೋದರು ಎನ್ನುತ್ತೇವೆ, ಊರೆಲ್ಲ ಜತೆಗೆ ಹೋದರೆ ದಿಬ್ಬಣ ಎನ್ನುತ್ತೇವೆ.

ಕರ್ನಾಟಕ ಇದಕ್ಕೆ ಪ್ರಾಯಶ್ಚಿತ್ತ ವಿಧಿಯನ್ನೂ ಕಂಡುಹಿಡಿಯಿತು. ಸಮುದ್ರ ದಾಟಿ ಬಂದವನಿಗೆ ನಮ್ಮ ಮುತ್ತಜ್ಜಂದಿರು ಪಂಚಗವ್ಯ ಕುಡಿಸಿ ಪಂಕ್ತಿಗೆ ಕರೆದುಕೊಳ್ಳುತ್ತಿದ್ದರು. 2019ರಲ್ಲಿ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿಯೇ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದು ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಸ್ಪರ್ಧಿಸಿದ ಅನರ್ಹರಲ್ಲಿ ಬಹುಪಾಲು ಜನ ಶುದ್ಧರಾಗಿ ಹೊರಬಂದರು. ಪಂಚಗವ್ಯದ ಕೆಲಸವನ್ನು ಮತದಾರರ ಕೈಯಲ್ಲಿ ಮಾಡಿಸಿದ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ನಮ್ಮ ಮನೆಗೆ ಪ್ರತಿ ಚುನಾವಣೆಗೂ ತಪ್ಪದೆ ಬರುವ ಒಬ್ಬ ಅಭ್ಯರ್ಥಿ ಇದ್ದಾರೆ. ಈವರೆಗೆ ನಾಲ್ಕು ಸಲ, ನಾಲ್ಕು ಪಕ್ಷಗಳಿಂದ ಬಂದಿದ್ದಾರೆ. ಪ್ರತಿ ಸಲವೂ ಹಿರಿಯರಿಗೆ ಗೌರವ ಎಂದು ಆಗಿನ ಪಕ್ಷದ ಬಣ್ಣದ ಶಾಲು ನನ್ನ ಹೆಗಲಿಗೆ ಹಾಕಿದ್ದಾರೆ. ಒಗೆದರೆ ಬಣ್ಣ ಬಿಡುವ ಶಾಲುಗಳು. ನಮ್ಮ ಮನೆಯವಳು ಹಳೆಯ ಸೀರೆಯ ತುಂಡುಗಳ ಜತೆ ಸೇರಿಸಿ ಅವುಗಳಿಂದ ಕೌದಿ ಹೊಲಿದಳು. ಚಳಿಗಾಲದಲ್ಲಿ ಅದೇ ನನ್ನ ಹೊದಿಕೆ. ಸರ್ವಪಕ್ಷ ಸಭೆಯ ಕೆಳಗೆ ಇಷ್ಟು ಬೆಚ್ಚಗೆ ಮಲಗಿದವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಮೊನ್ನೆ ಅವರು ಐದನೆಯ ಸಲ ಬಂದರು. ಹಜಾರದ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಕಾಲು ಮುಟ್ಟಲು ಬಗ್ಗಿದರು. ಮೊಬೈಲ್ ಹಿಡಿದ ಹುಡುಗ, “ಸಾಹೇಬರೇ, ಅಜ್ಜಾರ ಮುಖ ಬರಲಿಲ್ಲ, ಇನ್ನೊಮ್ಮೆ” ಎಂದ. ಇನ್ನೊಮ್ಮೆ ಬಗ್ಗಿದರು. ಈ ಸಲ ಮುಖವನ್ನು ಕ್ಯಾಮೆರಾದತ್ತ ಇಟ್ಟು ಕೈಯನ್ನಷ್ಟೇ ಕೆಳಗೆ ಚಾಚಿದ್ದರಿಂದ ನನ್ನ ಕಾಲು ಸಿಗಲಿಲ್ಲ, ಕುರ್ಚಿಯ ಕಾಲು ಸಿಕ್ಕಿತು. ಅದನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ನಮ್ಮ ಮನೆಯವಳು ಅವರಿಗೆ ಕೂಡಲು ಕೌದಿಯನ್ನೇ ಹಾಸಿದಳು. ಚಹಾ ಬರುವವರೆಗೆ ಅವರು ಅದರ ಮೇಲೆ ಕೈಯಾಡಿಸುತ್ತ ಕುಳಿತರು. ಒಂದು ತುಂಡಿನ ಮೇಲೆ ಬೆರಳಿಟ್ಟು, “ಈ ಸಲ ಸ್ವಲ್ಪದರಲ್ಲಿ ಸೋತೆ ನೋಡಿರಿ” ಎಂದರು. ಇನ್ನೊಂದನ್ನು ಸವರಿ, “ಇದು ಒಳ್ಳೆಯ ಪಕ್ಷ, ಖರ್ಚಿಗೆ ಕೊಟ್ಟಿದ್ದರು” ಎಂದರು. ಅವರ ಮುಖದಲ್ಲಿ ಎಳ್ಳಷ್ಟೂ ಮುಜುಗರವಿರಲಿಲ್ಲ. ಹಳೆಯ ಮನೆಗಳನ್ನು ನೆನೆಯುವವರ ಮುಖದಲ್ಲಿ ಕಾಣುವ ಮೆದುತನವಿತ್ತು.

“ಒಂದು ಮೂಲೆ ಇನ್ನೂ ಬಾಕಿ, ಐದು ವರ್ಷದಿಂದ ಹಾಗೇ ಇದೆ” ಎಂದಳು ಇವಳು, ಚಹಾದ ಬಸಿ ಇಡುತ್ತ.

ಅವರು ಕೊರಳಲ್ಲಿದ್ದ ಹೊಸ ಶಾಲನ್ನು ತೆಗೆದು ಆ ಮೂಲೆಯ ಮೇಲೆ ಹರಡಿ ಅಳೆದು ನೋಡಿದರು. ಒಂದು ಗೇಣು ಕಡಿಮೆ ಬಿತ್ತು.

“ಇದು ಸಾಲುವುದಿಲ್ಲ ಅವ್ವಾರೇ” ಎಂದರು. “ಮುಂದಿನ ಸಲ ದೊಡ್ಡದು ತರುತ್ತೇನೆ. ಯಾವ ಬಣ್ಣ ಒಪ್ಪುತ್ತದೆ, ಈಗಲೇ ಹೇಳಿಬಿಡಿ.”