ಜಾಝ್‌ನಿಂದ ಕುಣಿತವನ್ನು ಡಿಝಿ ಗಿಲೆಸ್ಪಿ ಕಿತ್ತುಕೊಂಡರಾ?

ಪರ: ಹೌದು, ಅವರೇ

1940ರ ಹೊತ್ತಿಗೆ ಅಮೆರಿಕದಲ್ಲಿ ಜಾಝ್ ಅಂದರೆ ಕುಣಿಯುವ ಸಂಗೀತ. ದೊಡ್ಡ ಬ್ಯಾಂಡ್, ದೊಡ್ಡ ಹಾಲ್, ಬೆವರು. ಆಮೇಲೆ 1945ರಲ್ಲಿ ಟ್ರಂಪೆಟ್ ವಾದಕ ಡಿಝಿ ಮತ್ತು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ರೆಕಾರ್ಡ್ ಮಾಡಿದ ‘ಸಾಲ್ಟ್ ಪೀನಟ್ಸ್’ ಕೇಳಿ. ಟ್ರಂಪೆಟ್ಟು, ಸ್ಯಾಕ್ಸೋಫೋನು ಎರಡೂ ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡುತ್ತವೆ, ಆ ವೇಗಕ್ಕೆ ಹೆಜ್ಜೆ ಹಾಕೋದು ಹೇಗೆ? ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಕ್ಲಬ್‌ನಲ್ಲಿ ಸರಿರಾತ್ರಿ ಸೇರುತ್ತಿದ್ದ ಡಿಝಿ, ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಮುಂತಾದವರು ಬೇಕಂತಲೇ ತಿರುಚಿದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ನುಡಿಸುತ್ತಿದ್ದರು, ಕೈ ಸಾಗದವರು ತಾವಾಗೇ ವೇದಿಕೆ ಇಳಿಯಲಿ ಅಂತ. ವಾದ್ಯಗಾರರನ್ನೇ ಹೊರಗಟ್ಟುವ ಸಂಗೀತ ಕೇಳುಗರನ್ನು ಬಿಟ್ಟೀತಾ? ನೆನಪಿಟ್ಟುಕೊಳ್ಳಲು ಟ್ಯೂನ್ ಇಲ್ಲ, ಕುಣಿಯಲು ತಾಳ ಇಲ್ಲ ಅಂತ ಜಾಝ್‌ನ ಹಿರಿಯ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರೇ ಗೊಣಗಿದರು. ಡಿಝಿಯ ಸ್ವಂತ ದೊಡ್ಡ ಬ್ಯಾಂಡ್ 1950ರಲ್ಲಿ ಮುಚ್ಚಿತು. ಕುಣಿಯೋರು ರಿದಮ್ ಅಂಡ್ ಬ್ಲೂಸ್ ಕಡೆ ಹೋದರು.

ವಿರೋಧ: ಕಿತ್ತುಕೊಂಡಿದ್ದು ತೆರಿಗೆ

ನಾನು ಈ ಕಡೆಯವನು, ಮೊದಲೇ ಹೇಳಿಬಿಡ್ತೀನಿ. 1944ರಲ್ಲಿ ಅಮೆರಿಕ ಸರ್ಕಾರ ಹಾಡು, ಕುಣಿತ ಇರುವ ಕ್ಲಬ್‌ಗಳ ಬಿಲ್ ಮೇಲೆ ಶೇ. 30ರಷ್ಟು ತೆರಿಗೆ ಹಾಕಿತು. ಕೆಲವೇ ತಿಂಗಳಲ್ಲಿ ಅದನ್ನು ಶೇ. 20ಕ್ಕೆ ಇಳಿಸಿದರೂ ಪೆಟ್ಟು ಬಿದ್ದಾಗಿತ್ತು. ಬರೀ ವಾದ್ಯ ನುಡಿಸಿ, ಯಾರೂ ಎದ್ದು ಕುಣಿಯದಿದ್ದರೆ ತೆರಿಗೆಯಿಲ್ಲ. ಕ್ಲಬ್ ಮಾಲೀಕ ಏನು ಮಾಡ್ತಾನೆ ಹೇಳಿ? ಕುಣಿಯುವ ಜಾಗದಲ್ಲಿ ಮೇಜು ಹಾಕಿಸುತ್ತಾನೆ, ಅಲ್ವಾ? ಅದಕ್ಕೂ ಮೊದಲು, 1942ರ ಆಗಸ್ಟ್‌ನಿಂದ, ವಾದ್ಯಗಾರರ ಸಂಘದ ರೆಕಾರ್ಡಿಂಗ್ ಮುಷ್ಕರ ಬೇರೆ. ಎರಡು ವರ್ಷ ಬೀಬಾಪ್, ಅಂದರೆ ಡಿಝಿ ಬಳಗದ ಈ ಹೊಸ ವೇಗದ ಜಾಝ್, ಬೆಳೆದಿದ್ದು ಊರಿಗೆ ಗೊತ್ತೇ ಆಗಲಿಲ್ಲ. ಅಂಬೆಗಾಲಿಡುವಾಗ ನೋಡದೇ ಇದ್ದವರ ಮುಂದೆ ಮೀಸೆ ಬಂದ ಹುಡುಗ ಏಕಾಏಕಿ ಬಂದು ನಿಂತ ಹಾಗಾಯ್ತು. ಬೆಚ್ಚಿಬೀಳದೆ ಇನ್ನೇನು?

ಇನ್ನು ತಾಳದ ಮಾತು. ಡಿಝಿಯ 1947ರ ‘ಮಾಂಟೆಕಾ’ ಹಾಕಿ ನೋಡಿ (ಸ್ಪ್ಯಾನಿಷ್‌ನಲ್ಲಿ ಹಂದಿ ಕೊಬ್ಬು ಅಂತ ಅರ್ಥ, ಹೆಸರಲ್ಲೂ ತುಂಟತನ). ಬಾಸ್ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ, ಕ್ಯೂಬಾದ ಚಾನೋ ಪೋಝೋ ಕಾಂಗಾ ಡ್ರಮ್ ಮೇಲೆ ಅಂಗೈ ಬಡಿಯುತ್ತಾರೆ, ಅದರ ಮೇಲೆ ಸ್ಯಾಕ್ಸೋಫೋನ್‌ಗಳು, ಆಮೇಲೆ ಟ್ರಂಪೆಟ್‌ಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಸೊಂಟ ಅಲ್ಲಾಡಿಸದೆ ಸುಮ್ನೆ ಕೂತಿರೋಕೆ ಆಗುತ್ತಾ? ಲ್ಯಾಟಿನ್ ತಾಳ ಜಾಝ್ ಒಳಗೆ ಗಟ್ಟಿಯಾಗಿ ಬೇರು ಬಿಟ್ಟಿದ್ದರಲ್ಲಿ ದೊಡ್ಡ ಪಾಲು ಈ ಇಬ್ಬರದು. ಕುಣಿತವನ್ನು ಕೊಂದವರು ಮಾಡೋ ಕೆಲಸವಾ ಇದು?

ಕೊನೆಗೆ ಡಿಝಿಯ ಆ ಸೊಟ್ಟ ಟ್ರಂಪೆಟ್, ಅದನ್ನು ಬಗ್ಗಿಸಿದ್ದೂ ಕುಣಿಯೋರೇ. 1953ರಲ್ಲಿ ನ್ಯೂಯಾರ್ಕ್‌ನಲ್ಲಿ, ಹೆಂಡತಿ ಲೊರೇನ್‌ಗಾಗಿ ಇಟ್ಟುಕೊಂಡಿದ್ದ ಪಾರ್ಟಿಯಲ್ಲಿ, ಕುಣಿದು ನಗಿಸುವ ಒಂದು ಜೋಡಿ ಚೇಷ್ಟೆ ಮಾಡ್ತಾ ಅದರ ಮೇಲೆ ಬಿದ್ದು ಬಾಯಿ ಮೇಲಕ್ಕೆ ಬಗ್ಗಿಹೋಯಿತು. ಡಿಝಿ ಊದಿ ನೋಡಿದರು. ದನಿ ನೇರ ಕಿವಿಗೇ ಬರ್ತಿದೆ! ಆಮೇಲೆ ಬದುಕಿಡೀ ಹಾಗೇ ಬಗ್ಗಿದ ಟ್ರಂಪೆಟ್ಟನ್ನೇ ಹೇಳಿ ಮಾಡಿಸಿಕೊಂಡರು.